140ರ ವೋಚರ್ ಎಲ್ಲಿ? ತುಂಬು ಬಸುರಿಯರಿಗೆ ಹೇಳಿದ ಬುದ್ಧಿಮಾತುಗಳ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ನಂಬರಿನಿಂದ ಶುರು ಮಾಡೋಣ. 140.

ಬಸುರಿಯರು ವ್ಯಾಯಾಮ ಮಾಡುವಾಗ ಎದೆಬಡಿತ ನಿಮಿಷಕ್ಕೆ 140 ದಾಟಬಾರದು. ಈ ಮಾತನ್ನ ನೀವು ಜಿಮ್‌ನಲ್ಲಿ ಕೇಳಿರಬಹುದು, ಯಾರೋ ಫಾರ್ವರ್ಡ್ ಮಾಡಿದ ವಾಟ್ಸಾಪ್ ಮೆಸೇಜಿನಲ್ಲಿ ಓದಿರಬಹುದು. ನಮ್ಮ ಅಕ್ಕ ಎಂಟನೇ ತಿಂಗಳಲ್ಲಿ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದು, ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ನೋಡಿ, 143 ಅಂತ ಕಂಡು, ಬಾಗಿಲಲ್ಲೇ ಕೂತುಬಿಟ್ಟಿದ್ದಳು. ಆಮೇಲೆ ಒಂದು ವಾರ ವಾಕಿಂಗೂ ಇಲ್ಲ.

ನಾನು ಓದಿದ್ದು ಬಿ.ಕಾಂ. ಲೆಡ್ಜರಿನಲ್ಲಿ ಒಂದು ನಂಬರ್ ಕಂಡರೆ ಅದರ ವೋಚರ್ ಎಲ್ಲಿ ಅಂತ ಕೇಳಬೇಕು ಅನ್ನೋದು ಆಡಿಟಿಂಗ್ ಕ್ಲಾಸಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಹಾಗಾಗಿ ಈ 140ರ ವೋಚರ್ ಹುಡುಕಿಕೊಂಡು ಹೊರಟೆ. ಜೊತೆಗೆ ನಮ್ಮಮ್ಮ ದಿನಾ ಹೇಳ್ತಿದ್ದ ಇನ್ನೊಂದು ಮಾತಿತ್ತು, "ಅಂಗಾತ ಮಲಗಬೇಡ ಕಣೇ, ಕರುಳು ಸುತ್ಕೊಳ್ಳುತ್ತೆ" ಅಂತ. ಅದರ ವೋಚರನ್ನೂ ಹುಡುಕಿದೆ. ಎರಡೂ ಕಥೆ ನಾನು ಅಂದುಕೊಂಡ ಥರ ಮುಗಿಯಲಿಲ್ಲ.

ಮೊದಲು 140.

ಇದು ಹುಟ್ಟಿದ್ದು 1985ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘ, ಡಾಕ್ಟರುಗಳ ಬಾಯಲ್ಲಿ 'ಎಕಾಗ್', ಆ ವರ್ಷ ಗರ್ಭಿಣಿಯರ ವ್ಯಾಯಾಮಕ್ಕೆ ನಿಯಮಗಳನ್ನ ಹೊರಡಿಸಿತು. ಎದೆಬಡಿತ 140 ಮೀರಬಾರದು. ಜೋರಾದ ವ್ಯಾಯಾಮ 15 ನಿಮಿಷ ದಾಟಬಾರದು. ಮೈಯೊಳಗಿನ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ದಾಟಬಾರದು. ನಾಲ್ಕು ತಿಂಗಳು ತುಂಬಿದ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ.

ಆಗಿನ ಕಾಲ ಹೇಗಿತ್ತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಅಮೆರಿಕದಲ್ಲಿ ಏರೋಬಿಕ್ಸ್ ಹುಚ್ಚು ಹತ್ತಿದ್ದ ಹೊತ್ತು. ನಟಿ ಜೇನ್ ಫಾಂಡಾ ಹೆಸರಿನ ವ್ಯಾಯಾಮದ ಪುಸ್ತಕ, ವಿಡಿಯೊ ಕ್ಯಾಸೆಟ್ ಮನೆಮನೆಗೆ ಹೋಗಿದ್ದವು. 1982ರಲ್ಲಿ ಅದೇ ಹೆಸರಿನಲ್ಲಿ ಗರ್ಭಿಣಿಯರಿಗೆ ಅಂತಲೇ ಒಂದು ಪುಸ್ತಕ ಬಂತು, ಬರೆದವರು ಫೆಮಿ ಡಿಲೈಸರ್. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಸಲ ಮ್ಯಾರಥಾನ್ ಓಡಿದರು. ಓಡೋ ಹೆಂಗಸರು ಬಸುರಿಯಾದಾಗ ಡಾಕ್ಟರ ಹತ್ತಿರ ಬಂದು ಕೇಳ್ತಾರೆ, ಎಷ್ಟು ಓಡಬಹುದು ಅಂತ. ಡಾಕ್ಟರ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲದಾಗ ಹುಷಾರಾದ ವೃತ್ತಿ ಏನು ಮಾಡುತ್ತೆ? ಒಂದು ಸೇಫ್ ನಂಬರ್ ಹಾಕುತ್ತೆ.

ಅವರ ಭಯ ಸುಳ್ಳೇನಲ್ಲ. ಓಡುವಾಗ ರಕ್ತ ಮಾಂಸಖಂಡಗಳ ಕಡೆ ಹರಿಯುತ್ತೆ, ಗರ್ಭಕೋಶಕ್ಕೆ ಕಡಿಮೆಯಾಗುತ್ತೆ. ಹಾಗಾದರೆ ಮಗುವಿಗೆ ಆಮ್ಲಜನಕ? ಇದನ್ನ ಮನುಷ್ಯರ ಮೇಲೆ ಅಳೆಯೋದು ಕಷ್ಟ, ಅದಕ್ಕೆ ಕುರಿ ಮೇಲೆ ಅಳೆದರು. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಲಾಟ್‌ಗರಿಂಗ್, ಗಿಲ್ಬರ್ಟ್, ಲಾಂಗೊ ಅನ್ನೋ ವಿಜ್ಞಾನಿಗಳು ಗಬ್ಬದ ಕುರಿಗಳನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ 1983ರಲ್ಲಿ ವರದಿ ಬರೆದರು. ಗರ್ಭಕೋಶಕ್ಕೆ ಹೋಗುವ ರಕ್ತ ನಿಜವಾಗಿಯೂ ಕಡಿಮೆಯಾಯ್ತು. ಆದರೆ ಗರ್ಭಕೋಶ ಹೀರಿಕೊಂಡ ಆಮ್ಲಜನಕ ಹೆಚ್ಚುಕಡಿಮೆ ಅಷ್ಟೇ ಇತ್ತು. ಓಡುವಾಗ ರಕ್ತ ಗಟ್ಟಿಯಾಗುತ್ತೆ, ಅಂದರೆ ಅದೇ ಲೋಟ ರಕ್ತದಲ್ಲಿ ಆಮ್ಲಜನಕ ಹೊರುವ ಕಣಗಳು ಜಾಸ್ತಿ. ಬರೋ ಗಾಡಿ ಕಡಿಮೆ, ಆದರೆ ಪ್ರತಿ ಗಾಡಿಯಲ್ಲೂ ಲೋಡ್ ಹೆಚ್ಚು. ದೇಹ ತನ್ನ ಲೆಕ್ಕ ತಾನೇ ಸರಿಮಾಡಿಕೊಂಡಿತ್ತು. ಎರಡು ವರ್ಷ ಆದಮೇಲೂ ನಿಯಮ ಬರೆದವರ ಕೈ ಮಾತ್ರ ಬಿಗಿಯಾಗೇ ಇತ್ತು.

ಈ ಬಿಗಿಗೆ ಹಳೇ ಬೇರು ಇದೆ. ಇಂಗ್ಲಿಷಿನಲ್ಲಿ ಹೆರಿಗೆಗೆ 'ಕನ್‌ಫೈನ್‌ಮೆಂಟ್' ಅನ್ನೋ ಪದವೇ ಇತ್ತು. ಅದೇ ಪದಕ್ಕೆ ಕೂಡಿಹಾಕೋದು ಅಂತಲೂ ಅರ್ಥ. 1745ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಹೆರಿಗೆ ಆಸ್ಪತ್ರೆಯನ್ನ 'ಲೈಯಿಂಗ್-ಇನ್' ಆಸ್ಪತ್ರೆ ಅಂತ ಕರೀತಿದ್ದರು, ಅಂದರೆ ಮಲಗಿರೋ ಜಾಗ. ದೊಡ್ಡ ಮನೆಯ ಹೆಂಗಸರಿಗೆ ಮಲಗೋದು ಸಾಧ್ಯವಿತ್ತು. ಅದೇ ಊರಿನ ಬಟ್ಟೆ ಒಗೆಯೋಳು, ಗಿರಣಿ ಕೆಲಸದೋಳು ನೋವು ಶುರುವಾಗೋವರೆಗೂ ನಿಂತೇ ಇರ್ತಿದ್ದಳು.

ಇಲ್ಲಿಂದ ಕಥೆ ನಮ್ಮ ದೇಶಕ್ಕೆ ಬರುತ್ತೆ. ಕ್ಯಾಥ್ಲೀನ್ ವಾನ್ ಅಂತ ಒಬ್ಬ ಬ್ರಿಟಿಷ್ ಡಾಕ್ಟರ್ ಕಾಶ್ಮೀರದ ಶ್ರೀನಗರದಲ್ಲಿ ಹೆಂಗಸರ ಆಸ್ಪತ್ರೆ ನೋಡಿಕೊಳ್ತಿದ್ದರು. ಪರದೆಯೊಳಗೆ ಇರುವ ಒಳ್ಳೆ ಮನೆತನದ ಹೆಂಗಸರಿಗೆ ಹೆರಿಗೆ ಅಂದರೆ ಜೀವನ್ಮರಣದ ಪ್ರಶ್ನೆ. ಸೊಂಟದ ಮೂಳೆ ವಕ್ರವಾಗಿ, ಮಗು ಹೊರಬರೋಕೆ ದಾರಿಯೇ ಇರ್ತಿರಲಿಲ್ಲ. ಆದರೆ ಹೊರಗೆ ನೀರಿನ ಮೇಲೆ ದೋಣಿ ನಡೆಸುವ, ಹುಟ್ಟು ಹಾಕುವ, ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವ ಬಡ ಹೆಂಗಸರಿಗೆ ಹೆರಿಗೆ ಸಲೀಸು. 1928ರಲ್ಲಿ ಅವರು ಪರದೆ ಪದ್ಧತಿ ತಾಯ್ತನಕ್ಕೆ ಏನು ಮಾಡುತ್ತೆ ಅಂತ ಒಂದು ಪುಸ್ತಕ ಬರೆದರು. ಬಿಸಿಲು ಕಾಣದೆ ಮೂಳೆ ಮೆತ್ತಗಾಗುತ್ತೆ ಅನ್ನೋದು ಅದರ ಮುಖ್ಯ ವಾದ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ವಿಟಮಿನ್ ಡಿ ಕೊರತೆ. ಆಮೇಲೆ ಇಂಗ್ಲೆಂಡಿಗೆ ವಾಪಸ್ ಹೋಗಿ, ಹೆರಿಗೆಗೆ ಮುಂಚೆ ಕುಕ್ಕರಗಾಲಲ್ಲಿ ಕೂರೋದು, ಸೊಂಟ ಸಡಿಲ ಮಾಡೋದು ಇವನ್ನೆಲ್ಲ ಕಲಿಸಬೇಕು ಅಂತ ವಾದಿಸಿದರು. ವ್ಯಾಯಾಮದ ಬಗ್ಗೆಯೇ ಅವರ ಇನ್ನೊಂದು ಪುಸ್ತಕ 1951ರಲ್ಲಿ ಬಂತು.

ಅಷ್ಟರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಿನ್ನಿ ರ‍್ಯಾಂಡೆಲ್ ಅನ್ನೋ ಫಿಸಿಯೊಥೆರಪಿಸ್ಟ್ ಕೂಡ ಇದೇ ದಾರಿಯಲ್ಲಿದ್ದರು. 1912ರಲ್ಲಿ ಅಲ್ಲಿನ ಡಾಕ್ಟರ್ ಫೇರ್‌ಬೇರ್ನ್ ಅವರು ಬಾಣಂತಿಯರಿಗೆ ಹಾಸಿಗೆಯಲ್ಲೇ ಮಾಡುವಂಥ ವ್ಯಾಯಾಮ ರೂಪಿಸಿ ಅಂತ ರ‍್ಯಾಂಡೆಲ್‌ಗೆ ಕೇಳಿದ್ದರು. ಮುಂದೆ ಅದು ಬಸುರಿಯರ ತರಬೇತಿಗೂ ಹಬ್ಬಿತು. ಮಾರ್ಗರೆಟ್ ಮಾರಿಸ್ ಅನ್ನೋ ನೃತ್ಯಗಾತಿ ಇವರ ಜೊತೆ ಸೇರಿ 1936ರಲ್ಲಿ ಪುಸ್ತಕ ತಂದರು.

ನನಗೆ ಇಲ್ಲಿ ನಗು ಬರೋದು ಏನಪ್ಪಾ ಅಂದ್ರೆ, "ಕೂತು ನೆಲ ಒರೆಸು, ಹೆರಿಗೆ ಸಲೀಸಾಗುತ್ತೆ" ಅಂತ ನಮ್ಮ ಅಜ್ಜಿಯರು ಹೇಳೋದು, ಕಾಶ್ಮೀರದ ದೋಣಿಯವಳಿಂದ ಕಲಿತು ಒಬ್ಬ ಇಂಗ್ಲಿಷ್ ಡಾಕ್ಟರ್ ಹೇಳಿದ್ದು, ಇವತ್ತು ಮಾಲ್ ಪಕ್ಕದ ಸ್ಟುಡಿಯೊದಲ್ಲಿ ಫೀಸ್ ಕಟ್ಟಿ ಮಾಡೋ ಪ್ರೀನೇಟಲ್ ಸ್ಕ್ವಾಟ್, ಮೂರೂ ಒಂದೇ ಭಂಗಿ. ಆದರೆ ವಾನ್ ನೋಡಿದ್ದರಲ್ಲೂ ಒಂದು ತೊಡಕಿದೆ. ದೋಣಿಯವಳಿಗೆ ಹೆರಿಗೆ ಸಲೀಸಾಗಿದ್ದು ಹುಟ್ಟು ಹಾಕಿದ್ದಕ್ಕೋ, ಬಿಸಿಲಿಗೋ? ಮೂಳೆಯ ವಿಷಯದಲ್ಲಿ ಬಿಸಿಲಿಗೇ ನನ್ನ ವೋಟು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ವ್ಯಾಯಾಮ ಮಾಡ್ಲಾ ಬೇಡ್ವಾ ಅನ್ನೋ ಪ್ರಶ್ನೆ ದಿನವಿಡೀ ಕುರ್ಚಿ ಮೇಲೆ ಕೂರೋರ ಪ್ರಶ್ನೆ. ನಮ್ಮ ದೇಶದಲ್ಲಿ ಬಸುರಿಯ ಮೈ ಬಗ್ಗೆ ಕಾನೂನು ಮಾತಾಡೋಕೆ ಶುರು ಮಾಡಿದಾಗ ವಿಷಯ ತದ್ವಿರುದ್ಧ ಇತ್ತು. ಅವಳಿಗೆ ಬಿಡುವು ಸಿಗೋದು ಹೇಗೆ ಅಂತ. 1928ರಲ್ಲಿ ಬಾಂಬೆ ಶಾಸಕಾಂಗದಲ್ಲಿ ಗಿರಣಿ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಡಾ. ಅಂಬೇಡ್ಕರ್ ಅದರ ಪರವಾಗಿ ನಿಂತರು, ಮರುವರ್ಷ ಅದು ಕಾಯ್ದೆಯಾಯ್ತು. 1961ರ ಕೇಂದ್ರದ ಹೆರಿಗೆ ಸೌಲಭ್ಯ ಕಾಯ್ದೆಯ ನಾಲ್ಕನೇ ಸೆಕ್ಷನ್ನಿನಲ್ಲಿ, ದಿನ ಹತ್ತಿರ ಬಂದಾಗ ಅವಳು ಕೇಳಿಕೊಂಡರೆ ಭಾರದ ಕೆಲಸ, ತುಂಬಾ ಹೊತ್ತು ನಿಂತು ಮಾಡುವ ಕೆಲಸ ಕೊಡಬಾರದು ಅಂತ ಬರೆದಿತ್ತು. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಹೋಯ್ತು, ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತಗೋಬಹುದು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರೋ ಬಸುರಿಗೆ ಇದು ಎಷ್ಟು ಮುಟ್ಟಿದೆ ಅಂತ ನೀವು ನಿಮ್ಮ ಬೀದಿಯ ಕೊನೆಯ ಸೈಟಿಗೆ ಹೋಗಿ ನೋಡಿದರೆ ಗೊತ್ತಾಗುತ್ತೆ.

ಸರಿ, ಮತ್ತೆ 1985ಕ್ಕೆ. ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇನ್ನೊಂದು ವರದಿ ಬಂತು, ಆಫ್ರಿಕಾದ ಜಿಂಬಾಬ್ವೆಯಿಂದ. ಅವಳಿ ಮಕ್ಕಳ ಬಸುರಿಯರನ್ನ ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಗೆ ಸೇರಿಸಿ ಹಾಸಿಗೆ ಮೇಲೆ ಮಲಗಿಸೋದು ಆಗ ರೂಢಿ. ಹಾಗೆ ಮಾಡಿದರೆ ಅವಧಿಗೆ ಮುಂಚೆ ಹೆರಿಗೆ ಆಗಲ್ಲ ಅಂತ ನಂಬಿಕೆ. ಹರಾರೆಯಲ್ಲಿ 212 ಹೆಂಗಸರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಆಸ್ಪತ್ರೆ ಹಾಸಿಗೆಗೆ, ಇನ್ನೊಂದು ಮನೆಗೆ. ಅವಧಿಗೆ ಮುಂಚೆ ಹೆರಿಗೆ ಜಾಸ್ತಿ ಆಗಿದ್ದು ಆಸ್ಪತ್ರೆಯಲ್ಲಿ ಮಲಗಿದ್ದವರಿಗೇ! ಸುಮ್ಮನೆ ಮಲಗಿದರೆ ಒಳ್ಳೇದು ಅನ್ನೋ ನೂರಾರು ವರ್ಷದ ನಂಬಿಕೆಗೂ ವೋಚರ್ ಇರಲಿಲ್ಲ. ಇವತ್ತು ಅವಧಿಪೂರ್ವ ಹೆರಿಗೆ ತಡೆಯೋಕೆ ಅಂತ ಎಲ್ಲರನ್ನೂ ಮಲಗಿಸಬೇಡಿ ಅಂತ ಎಕಾಗ್ ಕೂಡ ಹೇಳುತ್ತೆ. ಮಲಗೋದು ಪುಕ್ಕಟೆ ಅಲ್ಲ ನೋಡಿ. ಮಾಂಸಖಂಡ ಕರಗುತ್ತೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಹೆಚ್ಚುತ್ತೆ.

ಇತ್ತ ಅಮೆರಿಕದಲ್ಲಿ ಜೇಮ್ಸ್ ಕ್ಲಾಪ್ ಅನ್ನೋ ಡಾಕ್ಟರ್, ಓಡೋ ಮತ್ತು ಏರೋಬಿಕ್ಸ್ ಮಾಡೋ ಹೆಂಗಸರನ್ನ ಬಸುರಿನುದ್ದಕ್ಕೂ ಹಿಂಬಾಲಿಸಿದರು. 1990ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 131 ಮಂದಿ. 87 ಜನ ವ್ಯಾಯಾಮ ಮುಂದುವರಿಸಿದರು, 44 ಜನ ಮೊದಲ ಮೂರು ತಿಂಗಳಲ್ಲೇ ಬಿಟ್ಟರು. ಸಿಸೇರಿಯನ್ ಆಗಿದ್ದು ಮುಂದುವರಿಸಿದವರಲ್ಲಿ ಶೇ. 6, ಬಿಟ್ಟವರಲ್ಲಿ ಶೇ. 30. ಚಪ್ಪಾಳೆ ಹೊಡೆಯೋಕೆ ಮುಂಚೆ ಒಂದು ನಿಮಿಷ. ಇಲ್ಲಿ ಚೀಟಿ ಎತ್ತಿಲ್ಲ. ಮೈ ಹುಷಾರಿದ್ದವರು ಮುಂದುವರಿಸಿರಬಹುದು, ತೊಂದರೆ ಇದ್ದವರು ಬಿಟ್ಟಿರಬಹುದು. ಆದರೂ ಮುಂದುವರಿಸಿದವರಿಗೆ ಅಂಥ ಅನಾಹುತ ಏನೂ ಆಗಲಿಲ್ಲ ಅನ್ನೋದೇ ಆ ಕಾಲಕ್ಕೆ ದೊಡ್ಡ ಸುದ್ದಿ.

1994ರಲ್ಲಿ ಎಕಾಗ್ 140ನ್ನ ಕೈಬಿಟ್ಟಿತು. 2002ರಲ್ಲಿ ಪೂರ್ತಿ ಮಗ್ಗುಲು ಬದಲಿಸಿ, ತೊಂದರೆ ಏನೂ ಇಲ್ಲದ ಗರ್ಭಿಣಿಯರು ವಾರದ ಬಹುಪಾಲು ದಿನ 30 ನಿಮಿಷವೋ ಇನ್ನೂ ಹೆಚ್ಚೋ ಮಧ್ಯಮ ವ್ಯಾಯಾಮ ಮಾಡಲಿ ಅಂತ ಹೇಳಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಅಂದಿತು. ಅಂದರೆ 140 ಅಧಿಕೃತವಾಗಿ ಬದುಕಿದ್ದು ಒಂಬತ್ತೇ ವರ್ಷ. ಅದು ಸತ್ತಾಗ ನಾನು ಹುಟ್ಟೇ ಇರಲಿಲ್ಲ, ಆದರೂ ನಮ್ಮಕ್ಕನನ್ನ ಮೆಟ್ಟಿಲ ಮೇಲೆ ಹಿಡಿದು ಕೂರಿಸಿತು.

ನಮ್ಮ ಬೆಂಗಳೂರಿನಲ್ಲೂ ಒಂದು ಲೆಕ್ಕ ನಡೆದಿದೆ. 2005ರಲ್ಲಿ ಪ್ರಕಟವಾದ ಅಧ್ಯಯನ, ಗುಣಶೀಲ ಹೆರಿಗೆ ಆಸ್ಪತ್ರೆಗೆ ಬರ್ತಿದ್ದ 335 ಗರ್ಭಿಣಿಯರದ್ದು. 169 ಜನ ದಿನಕ್ಕೆ ಒಂದು ಗಂಟೆ ಆಸನ, ಪ್ರಾಣಾಯಾಮ, ಧ್ಯಾನ ಮಾಡಿದರು. ಉಳಿದ 166 ಜನ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ನಡೆದರು. ಎರಡೂವರೆ ಕಿಲೋ ಮೇಲಿನ ತೂಕದ ಮಕ್ಕಳು ಯೋಗದ ಗುಂಪಿನಲ್ಲಿ ಜಾಸ್ತಿ, ಅವಧಿಗೆ ಮುಂಚಿನ ಹೆರಿಗೆ ನೋವು ಕಡಿಮೆ. ಇಲ್ಲೂ ಚೀಟಿ ಎತ್ತಿಲ್ಲ, ಹಾಗಾಗಿ ಯೋಗವೇ ಗೆದ್ದಿತು ಅಂತ ಬೋರ್ಡ್ ಬರೆಸೋಕಾಗಲ್ಲ. ನನಗೆ ಇಷ್ಟವಾದ್ದು ಬೇರೆ: ಹೋಲಿಕೆಗೆ ಇಟ್ಟ ಗುಂಪು ಮಲಗಿರಲಿಲ್ಲ, ದಿನಕ್ಕೆ ಒಂದು ಗಂಟೆ ನಡೀತಿತ್ತು. ಯಾರೂ ಅವರನ್ನ ತಡೆಯಲಿಲ್ಲ.

140 ಹೋದ ಮೇಲೆ ಅಳತೆ ಯಾವುದು ಅಂತ ಕೇಳ್ತೀರಾ? ಮಾತು. ನಡೀತಾ ನಡೀತಾ ಪಕ್ಕದವರ ಜೊತೆ ಮಾತಾಡೋಕೆ ಆಗ್ತಿದ್ರೆ ಸರಿಯಾದ ವೇಗ. ಒಂದು ವಾಕ್ಯ ಮುಗಿಸೋಕೆ ಏದುಸಿರು ಬಂದರೆ ನಿಧಾನ ಮಾಡಿ. ಬೀಳೋ ಭಯ ಇರೋ ಆಟ, ಹೊಟ್ಟೆಗೆ ಪೆಟ್ಟು ಬೀಳೋ ಆಟ ಬೇಡ. ಮಧ್ಯಾಹ್ನದ ಬಿಸಿಲು ಬೇಡ. ಮಾಸು ಕೆಳಗಿದೆ ಅಂತ ಸ್ಕ್ಯಾನಿನಲ್ಲಿ ಹೇಳಿದ್ದರೆ, ಬಿಪಿ ಏರಿದ್ದರೆ, ಹೃದಯದ ತೊಂದರೆ ಇದ್ದರೆ ಈ ಮಾತು ಯಾವುದೂ ನಿಮಗಲ್ಲ, ನಿಮ್ಮ ಡಾಕ್ಟರ ಮಾತೇ ಕೊನೆ. ರಕ್ತ ಹೋದರೆ, ನೀರು ಸೋರಿದರೆ, ತಲೆ ತಿರುಗಿದರೆ, ಎದೆ ನೋವಾದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ನಿಯಮಿತವಾಗಿ ನೋವು ಬರೋಕೆ ಶುರುವಾದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ, ಪಾಡ್‌ಕಾಸ್ಟ್ ಆಫ್ ಮಾಡಿ ಆಸ್ಪತ್ರೆಗೆ ಹೋಗಿ.

ಈಗ ನಮ್ಮಮ್ಮನ ಮಾತು. ಅಂಗಾತ ಮಲಗಬೇಡ.

ಇದು ಎಷ್ಟು ಹಳೇದು ಅಂದರೆ, ಚರಕ ಸಂಹಿತೆಯ ಶಾರೀರಸ್ಥಾನದಲ್ಲೇ ಇದೆ. ಬಸುರಿ ಅಂಗಾತ ಮಲಗಿದರೆ ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ ಅಂತ ಅಲ್ಲಿ ಹೇಳಿದೆ. ಅದೇ ಜಾಗದಲ್ಲಿ, ಸದಾ ನಿದ್ದೆ ಮಾಡೋಳ ಮಗು ತೂಕಡಿಸೋ ದಡ್ಡ ಆಗುತ್ತೆ ಅಂತಲೂ ಇದೆ. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಬಾಲ ಸೇರಿಕೊಂಡಿದೆ. ಮಲಗಿದಲ್ಲೇ ಹೊರಳಬಾರದು, ಎದ್ದು ಕೂತು ಆಮೇಲೆ ಮಗ್ಗುಲು ಬದಲಿಸಬೇಕು ಅಂತ. ಒಂಬತ್ತನೇ ತಿಂಗಳಲ್ಲಿ ರಾತ್ರಿ ಹತ್ತು ಸಲ ಮಗ್ಗುಲು ಬದಲಿಸೋಳು ಹತ್ತು ಸಲ ಎದ್ದು ಕೂತರೆ ನಿದ್ದೆ ಎಲ್ಲಿಂದ ಬರಬೇಕು?

ಹೊಕ್ಕುಳಬಳ್ಳಿಯ ವಿಷಯ ಹೇಳಿಬಿಡ್ತೀನಿ. ಐದರಲ್ಲಿ ಒಂದು ಮಗುವಾದರೂ ಕುತ್ತಿಗೆಗೆ ಬಳ್ಳಿ ಸುತ್ತಿಕೊಂಡೇ ಹುಟ್ಟುತ್ತೆ, ಬಹುಪಾಲು ಏನೂ ತೊಂದರೆ ಇಲ್ಲದೆ. ಸುತ್ತೋದು ಮಗು ಒಳಗೆ ತಿರುಗಾಡೋದರಿಂದ. ತಾಯಿ ಹೇಗೆ ಹೊರಳಿದಳು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಲ್ಲಿಗೆ ನಮ್ಮಮ್ಮನ ಮಾತೂ ಸತ್ತಿತು ಅಂದುಕೊಂಡೆ. ಆದರೆ ಇಲ್ಲಿ ಕಥೆ ತಿರುಗುತ್ತೆ.

1953ರಲ್ಲಿ ಅಮೆರಿಕದ ಹೊವರ್ಡ್, ಗುಡ್‌ಸನ್, ಮೆಂಗರ್ಟ್ ಅನ್ನೋ ಡಾಕ್ಟರುಗಳು ಒಂದು ವಿಷಯ ಬರೆದರು. ದಿನ ತುಂಬಿದ ಕೆಲವು ಬಸುರಿಯರು ಅಂಗಾತ ಮಲಗಿದರೆ ಬಿಪಿ ಧಡಕ್ಕನೆ ಇಳಿಯುತ್ತೆ, ಮಗ್ಗುಲಿಗೆ ತಿರುಗಿಸಿದ ಕೂಡಲೇ ಸರಿಹೋಗುತ್ತೆ ಅಂತ. ಕಾರಣ ಭಾರ. ಕೊನೆಯ ತಿಂಗಳ ಗರ್ಭಕೋಶ ಬೆನ್ನುಮೂಳೆಯ ಪಕ್ಕದಲ್ಲಿರುವ ಒಂದು ದೊಡ್ಡ ರಕ್ತನಾಳದ ಮೇಲೆ ಕೂರುತ್ತೆ. ಕಾಲಿನಿಂದ, ಹೊಟ್ಟೆಯಿಂದ ಹೃದಯಕ್ಕೆ ರಕ್ತ ವಾಪಸ್ ಹೋಗೋ ದಾರಿ ಅದು. ದಾರಿ ಕಟ್ಟಿದರೆ ಹೃದಯಕ್ಕೆ ಬರೋ ರಕ್ತ ಕಡಿಮೆ, ಹೃದಯದಿಂದ ಹೊರಹೋಗೋದೂ ಕಡಿಮೆ. ಇವತ್ತಿಗೂ ಸಿಸೇರಿಯನ್ ಟೇಬಲ್ ಮೇಲೆ ಬಸುರಿಯ ಬಲಸೊಂಟದ ಕೆಳಗೆ ಒಂದು ದಿಂಬಿನಂಥದ್ದು ಇಟ್ಟು ಎಡಕ್ಕೆ ವಾಲಿಸೋದು ಇದೇ ಕಾರಣಕ್ಕೆ.

ಆಪರೇಷನ್ ಟೇಬಲಿನಲ್ಲಿ ಇಷ್ಟು ಹುಷಾರಾಗಿದ್ದ ವೈದ್ಯಕೀಯ, ಅದೇ ಬಸುರಿ ಮನೆಯಲ್ಲಿ ಏಳೆಂಟು ಗಂಟೆ ಹೇಗೆ ಮಲಗ್ತಾಳೆ ಅಂತ ಸರಿಯಾಗಿ ಕೇಳಿದ್ದು ಯಾವಾಗ ಗೊತ್ತಾ? ಹತ್ತಿರ ಹತ್ತಿರ ಅರವತ್ತು ವರ್ಷ ಆದಮೇಲೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಟೊಮಾಸಿನಾ ಸ್ಟೇಸಿ ಮತ್ತು ಲೆಸ್ಲಿ ಮೆಕ್‌ಕೋವನ್ ಅವರ ತಂಡ, 28 ವಾರ ದಾಟಿದ ಮೇಲೆ ಹೊಟ್ಟೆಯಲ್ಲೇ ಮಗುವನ್ನ ಕಳೆದುಕೊಂಡ 155 ತಾಯಂದಿರನ್ನೂ, ಬಸುರು ಮುಂದುವರಿದಿದ್ದ 310 ಹೆಂಗಸರನ್ನೂ ಮಾತಾಡಿಸಿತು. ಕೊನೆಯ ರಾತ್ರಿ ಹೇಗೆ ಮಲಗಿದಿರಿ? 2011ರಲ್ಲಿ ಉತ್ತರ ಪ್ರಕಟವಾಯ್ತು. ಎಡಮಗ್ಗುಲಿಗೆ ಮಲಗಿದವರಲ್ಲಿ ಸಾವಿರಕ್ಕೆ 1.96, ಹಾಗೆ ಮಲಗದವರಲ್ಲಿ ಸಾವಿರಕ್ಕೆ 3.93.

ಹೆಡ್‌ಲೈನ್ ಬರೆಯೋರು 'ಅಪಾಯ ಎರಡು ಪಟ್ಟು' ಅಂತ ಬರೀತಾರೆ. ತಪ್ಪಲ್ಲ. ಆದರೆ ಬ್ಯಾಲೆನ್ಸ್ ಶೀಟ್ ಪೂರ್ತಿ ನೋಡಿ: ಸಾವಿರಕ್ಕೆ ಎರಡು ಹೋಗಿ ನಾಲ್ಕು ಆಯ್ತು. ಉಳಿದ 996 ಮಕ್ಕಳಿಗೆ ಇದರಿಂದ ಏನೂ ಆಗಲಿಲ್ಲ.

ಆಮೇಲೆ ಆಸ್ಟ್ರೇಲಿಯಾ, ಬ್ರಿಟನ್, ಮತ್ತೆ ನ್ಯೂಜಿಲೆಂಡ್‌ಗಳಲ್ಲಿ ಇಂಥದೇ ಅಧ್ಯಯನಗಳಾದವು. 2019ರಲ್ಲಿ ಲಭ್ಯವಿದ್ದ ಲೆಕ್ಕಗಳನ್ನ ಒಟ್ಟು ಸೇರಿಸಿದರು. ಮಗು ಕಳೆದುಕೊಂಡ 851 ತಾಯಂದಿರು, ಹೋಲಿಕೆಗೆ 2,257 ಮಂದಿ. ಅಂಗಾತ ಮಲಗಿ ನಿದ್ದೆಗೆ ಜಾರಿದವರಲ್ಲಿ ಅಪಾಯ ಸುಮಾರು 2.6 ಪಟ್ಟು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣಲಿಲ್ಲ. ಎಡಮಗ್ಗುಲೇ ಆಗಬೇಕು ಅಂತ ಬಲಗಡೆ ತಿರುಗೋಕೂ ಹೆದರುವ ಹೆಂಗಸರಿಗೆ ಈ ಒಂದು ಸಾಲನ್ನ ದಯವಿಟ್ಟು ಫಾರ್ವರ್ಡ್ ಮಾಡಿ. ಅದೇ ವರ್ಷ ಅಮೆರಿಕದ ಇನ್ನೊಂದು ಅಧ್ಯಯನ, 8,706 ಹೆಂಗಸರದ್ದು, 30ನೇ ವಾರದವರೆಗೆ ಹೇಗೆ ಮಲಗಿದರೂ ವ್ಯತ್ಯಾಸ ಕಾಣಲಿಲ್ಲ ಅಂದಿತು. ಅಂದರೆ ಇದು ಕೊನೆಯ ಮೂರು ತಿಂಗಳ ವಿಷಯ, ಹೊಟ್ಟೆಗೆ ಭಾರ ಬಂದ ಮೇಲಿನದು.

ಹಾಗಾಗಿ ನಮ್ಮಮ್ಮನ ಮಾತು ಗೆದ್ದಿತು, ಕಾರಣ ಸೋತಿತು. ವೋಚರ್ ಸಿಕ್ಕಿತು, ಆದರೆ ಬೇರೆ ಅಂಗಡಿಯದ್ದು.

ಈ ಅಧ್ಯಯನಗಳನ್ನ ಓದುವಾಗ ನನ್ನನ್ನ ಕಾಡಿದ್ದು ನಂಬರ್ ಅಲ್ಲ. ಆ 155 ಜನರಿಗೆ ಕೇಳಿದ ಪ್ರಶ್ನೆ. ಮಗುವನ್ನ ಕಳೆದುಕೊಂಡ ಕೆಲವೇ ವಾರಗಳಲ್ಲಿ, ಆ ರಾತ್ರಿ ನೀನು ಹೇಗೆ ಮಲಗಿದ್ದೆ ಅಂತ. ಸಂಶೋಧಕರು ಎಷ್ಟೇ ಮೃದುವಾಗಿ ಕೇಳಿರಲಿ, ಕೇಳಿಸಿಕೊಂಡವಳಿಗೆ ಅದು ಹೇಗೆ ಕೇಳಿಸಿರಬೇಕು? ನಮ್ಮಲ್ಲಂತೂ ಇಂಥದ್ದು ಆದಾಗ ಮನೆಗೆ ಬಂದ ನೆಂಟರೇ ತನಿಖೆ ಶುರು ಮಾಡ್ತಾರೆ. ಪಪ್ಪಾಯ ತಿಂದಿದ್ಯಾ, ಗ್ರಹಣದಲ್ಲಿ ಹೊರಗೆ ಹೋಗಿದ್ಯಾ, ಹೇಗೆ ಮಲಗಿದ್ದೆ? 2019ರ ಅದೇ ಲೆಕ್ಕದ ಪ್ರಕಾರ, ಎಲ್ಲರೂ ಮಗ್ಗುಲಿಗೇ ಮಲಗಿದರೂ ತಪ್ಪಬಹುದಾಗಿದ್ದು ಇಂಥ ಸಾವುಗಳಲ್ಲಿ ಶೇ. 5.8 ಮಾತ್ರ. ಉಳಿದ ಶೇ. 94ಕ್ಕೆ ಮಲಗಿದ ಭಂಗಿಯ ಜೊತೆ ಲೆಕ್ಕವೇ ಇಲ್ಲ. ಮಗು ಕಳೆದುಕೊಂಡ ಯಾವ ಒಬ್ಬ ತಾಯಿಯ ಬಳಿಯೂ ಹೋಗಿ, ನೀನು ಹೀಗೆ ಮಲಗಿದ್ದಕ್ಕೇ ಹೀಗಾಯ್ತು ಅಂತ ಹೇಳೋಕೆ ಈ ಅಧ್ಯಯನ ಯಾರಿಗೂ ಅಧಿಕಾರ ಕೊಡಲ್ಲ. ಗುಂಪಿನ ಲೆಕ್ಕ ಒಬ್ಬಳ ಮೇಲಿನ ಆರೋಪ ಆಗಲ್ಲ.

ಬ್ರಿಟನ್ನಿನಲ್ಲಿ 'ಟಾಮೀಸ್' ಅನ್ನೋ ಸಂಸ್ಥೆ 2017ರಲ್ಲಿ ಇದರ ಬಗ್ಗೆ ಪ್ರಚಾರ ಶುರು ಮಾಡಿತು. ಮೂರನೇ ತ್ರೈಮಾಸಿಕದಲ್ಲಿ ಮಗ್ಗುಲಿಗೆ ಮಲಗಿ, ಹಗಲು ನಿದ್ದೆಯಲ್ಲೂ ಅಷ್ಟೇ. ಮುಖ್ಯವಾದ್ದು ನಿದ್ದೆಗೆ ಜಾರುವಾಗಿನ ಭಂಗಿ, ಯಾಕಂದ್ರೆ ರಾತ್ರಿಯಲ್ಲಿ ಹೆಚ್ಚು ಹೊತ್ತು ಇರೋದು ಅದರಲ್ಲೇ. ಬೆನ್ನ ಹಿಂದೆ ಒಂದು ದಿಂಬು, ಮಂಡಿಗಳ ನಡುವೆ ಒಂದು. ಒಂಬತ್ತೂವರೆ ಸಾವಿರದ ಪ್ರೆಗ್ನೆನ್ಸಿ ಪಿಲ್ಲೋನೇ ಆಗಬೇಕಿಲ್ಲ, ಹಳೇ ಸೀರೆ ಮಡಚಿದ ಕೌದಿ ಸಾಕು. ಎದೆಯುರಿ ಇರೋರಿಗೆ ಎಡಗಡೆ ಸ್ವಲ್ಪ ಹಾಯಾಗುತ್ತೆ. ಕಾಲು ಜುಮ್ ಅಂದು ನಿದ್ದೆ ಬರದಿದ್ದರೆ ಕಬ್ಬಿಣದ ಅಂಶ ಕಡಿಮೆ ಇರಬಹುದು, ಚೆಕಪ್‌ನಲ್ಲಿ ಹೇಳಿ. ಮೂತ್ರಕ್ಕೆ ನಾಲ್ಕು ಸಲ ಏಳ್ತೀನಲ್ಲಾ ಅನ್ನೋ ಚಿಂತೆ ಇರೋರಿಗೆ ಆಕ್ಲೆಂಡ್ ಅಧ್ಯಯನದ್ದೇ ಇನ್ನೊಂದು ಸಾಲು: ಆ ರಾತ್ರಿ ಹಲವು ಸಲ ಎದ್ದವರಲ್ಲಿ ಅಪಾಯ ಕಡಿಮೆ ಇತ್ತು, ಒಂದೇ ಸಲ ಎದ್ದವರಲ್ಲಿ ಅಥವಾ ಏಳದವರಲ್ಲಿ ಹೆಚ್ಚು.

ಇನ್ನು ಮಧ್ಯರಾತ್ರಿ ಎಚ್ಚರವಾಗಿ ನೋಡಿದರೆ ಅಂಗಾತ ಇದ್ದೀರಿ ಅಂದುಕೊಳ್ಳಿ. ಎದ್ದು ಕೂರಬೇಡಿ, ಫೋನ್ ತೆಗೆದು ಗೂಗಲ್ ಮಾಡಬೇಡಿ. ಮಲಗಿದಲ್ಲೇ ಹೊರಳಿ, ಯಾವ ಕಡೆಗಾದರೂ ಸರಿ, ಮತ್ತೆ ನಿದ್ದೆ ಮಾಡಿ.